ಖೋ

ಬ್ಯಾಲರಾಟಿನಲ್ಲಿ ಜುಲೈ ಅಂದರೆ
ಕಾರಿನ ಗಾಜಿಗೆ ಅಂಟಿದ ಹಿಮವನ್ನು
ಲೈಬ್ರರಿ ಕಾರ್ಡಿನಿಂದ ಕೆರೆಯುವ ತಿಂಗಳು.
ಅಂಥದೊಂದು ಮಂಗಳವಾರ ಸಂಜೆ
ಎಡ ಮೊಣಕಾಲನ್ನು ಬೇರೆಯವರ ಮಗುವಿನಂತೆ
ಜೋಪಾನ ಮಾಡುತ್ತ
ಸ್ಕೌಟ್ ಹಾಲಿನ ಮೂರು ಮೆಟ್ಟಿಲು ಹತ್ತಿದೆ.

ಹೀಟರು ಒಂದು, ಚಾಪೆ ಒಂಬತ್ತು.
ಗೋಡೆಯಲ್ಲಿ ಗಂಟುಗಳ ಪಟ, ಯಾವ ಹಗ್ಗಕ್ಕೆ ಯಾವ ಕುಣಿಕೆ.
ಮುಂದೆ ನಿಂತವಳು ಗ್ಲೆನಿಸ್, ವಯಸ್ಸು ಎಪ್ಪತ್ತೊಂದು,
ಇಪ್ಪತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿ
ಸೊಂಟ ಬಿದ್ದುಹೋಗಿ ಯೋಗಕ್ಕೆ ಬಂದವಳು.
"ಟಡಾಸನ" ಅಂದಳು.
ತಿದ್ದಲು ಬಾಯಿ ತೆರೆದೆ.
ಅಷ್ಟರಲ್ಲಿ ಅವಳು ಬಗ್ಗಿ
ನನ್ನ ಪಾದ ತಿದ್ದಿದಳು.

ನಾನು ಓಡುತ್ತಿದ್ದವಳು, ನೋಡಿ.
ದಾವಣಗೆರೆಯ ಹೈಸ್ಕೂಲು ಮೈದಾನದಲ್ಲಿ
ಖೋಖೋ ಸಾಲಿನ ಸಂದಿಯಲ್ಲಿ ಮೀನಿನ ಹಾಗೆ ನುಸುಳಿದವಳು.
ಇಲ್ಲಿ ವೆಂಡೂರಿ ಕೆರೆಗೆ ಒಂದು ಸುತ್ತು,
ಆರು ಕಿಲೋಮೀಟರು, ಮೂವತ್ತೊಂದು ನಿಮಿಷ,
ದಿನಾ ಗಡಿಯಾರಕ್ಕೆ ಬಡ್ಡಿ ಕಟ್ಟಿದ ಹಾಗೆ.
ಆಮೇಲೊಂದು ದಿನ ಮೊಣಕಾಲೊಳಗೆ
ಹಪ್ಪಳ ಮುರಿದ ಸದ್ದು.
ಫಿಸಿಯೋ ಪ್ಲಾಸ್ಟಿಕ್ಕಿನ ಮೂಳೆ ಆಡಿಸಿ ತೋರಿಸುತ್ತ
ಒಂದು ವರ್ಷ, ಅಂದ.

ಮೊದಲ ತಿಂಗಳು ಬರೀ ನಿಲ್ಲುವುದು.
ನಿಲ್ಲುವುದೂ ಒಂದು ಕೆಲಸ ಅಂತ
ನಲವತ್ತೇಳಕ್ಕೆ ಗೊತ್ತಾಯಿತು.
ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ:
ಒಲೆಯ ಮೂರು ಗುಂಡಿನ ಮೇಲೆ ಮಡಕೆ ಕೂರಿಸಿದಂತೆ
ಮೈ ಕೂರಿಸಬೇಕು.
ಎಡಗಾಲು ಕಳ್ಳ.
ತನ್ನ ಪಾಲಿನ ಭಾರವನ್ನು ಬಲಗಾಲಿಗೆ ದಾಟಿಸಿ
ಏನೂ ಅರಿಯದವರ ಮುಖ ಮಾಡುತ್ತಿತ್ತು.

ಮನೆಯಲ್ಲಿ ಫ್ರಿಜ್ಜಿನ ಹಿಡಿಕೆ ಹಿಡಿದು ವೃಕ್ಷಾಸನ.
ಬಾಗಿಲು ತೆರೆದುಕೊಳ್ಳುವುದು,
ಮೊಸರಿನ ಡಬ್ಬಿ ನನ್ನನ್ನು ನೋಡುವುದು.
ಹಗಲೆಲ್ಲ ನನ್ನದು ಕಟ್ಟುಹಲ್ಲು ಮಾಡುವ ಉದ್ಯೋಗ.
ಕಚ್ಚು ಕೂಡುವ ತನಕ ಉಜ್ಜಬೇಕು, ಕೂದಲೆಳೆಯಷ್ಟು,
ಮತ್ತೆ ಕೂದಲೆಳೆಯಷ್ಟು.
ಊರವರ ದವಡೆಗೆಲ್ಲ ಇದ್ದ ತಾಳ್ಮೆ
ನನ್ನ ಕೀಲಿಗೆ ಮಾತ್ರ ಇರಲಿಲ್ಲ.
ನವೆಂಬರಿನಲ್ಲಿ ಮೂರು ವಾರ ತಪ್ಪಿಸಿದೆ.
ಗ್ಲೆನಿಸ್ ಏನೂ ಕೇಳಲಿಲ್ಲ,
ಕಿಟಕಿಯ ಪಕ್ಕ ಒಂದು ಚಾಪೆಯಷ್ಟು ಜಾಗ
ಹಾಗೇ ಬಿಟ್ಟಿದ್ದಳು.

ಮರುವರ್ಷ, ಸೆಪ್ಟೆಂಬರ್.
ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದೆ, ಕೈಯಲ್ಲಿ ಕಾಫಿ.
ಜೊಂಡಿನೊಳಗಿಂದ, ಗೂಡು ಕಾಯುವ ಕರಿಹಂಸ
ಕೊರಳು ಚಾಚಿ ರೆಕ್ಕೆ ಎತ್ತಿ ಬುಸುಗುಟ್ಟುತ್ತ
ಮೇಲೇರಿ ಬಂತು.
ಹಾಲು ಬೇರೆ ನೀರು ಬೇರೆ ಮಾಡುವ ವ್ಯವಧಾನ
ಈ ಹಂಸಕ್ಕಿಲ್ಲ.
ಬೆನ್ನಿಗೆ ಗೇಣು ದೂರದಲ್ಲಿ ಅದರ ಕೆಂಪು ಕೊಕ್ಕು.
ಖೋ!

ಕಾಲು ನನ್ನನ್ನು ಕೇಳಲಿಲ್ಲ.
ಕಾಫಿ ಗಾಳಿಯಲ್ಲಿ, ನಾನೂ ಗಾಳಿಯಲ್ಲಿ.
ಎಡಗಾಲು ಇಳಿಯಿತು, ಮೂರು ಗುಂಡೂ ನೆಲಕ್ಕೆ.
ಬಲಗಾಲು.
ಮತ್ತೆ ಎಡ.

ಮೂರನೆಯ ಬೆಂಚಿನ ಹತ್ತಿರ ನಿಂತಾಗ
ಉಸಿರು ಇನ್ನೂ ಮೂಗಿನಲ್ಲೇ ಇತ್ತು,
ಬಾಯಿಗೆ ಬಂದಿರಲಿಲ್ಲ.
ಮೊಣಕಾಲು ಮುಟ್ಟಿ ನೋಡಿದೆ.
ಬೆಚ್ಚಗಿತ್ತು, ಅಷ್ಟೆ. ಹಪ್ಪಳವಿಲ್ಲ.
ಹಂಸ ಆಗಲೇ ನನ್ನನ್ನು ಮರೆತು
ತನ್ನ ಮೊಟ್ಟೆಗಳ ಕಡೆ ಹೊರಟಿತ್ತು.

ಖೋಖೋದಲ್ಲಿ ಸಾಲಲ್ಲಿ ಕೂತವಳು
ಕೂತಿರುವುದಿಲ್ಲ.
ಹಿಮ್ಮಡಿ ಎತ್ತಿ, ತುದಿಬೆರಳಿಗೆ ಭಾರ ಕೊಟ್ಟು
ಬೆನ್ನನ್ನೇ ಕಿವಿ ಮಾಡಿಕೊಂಡಿರುತ್ತಾಳೆ.
ಹದಿನಾಲ್ಕು ತಿಂಗಳು ಆ ಚಾಪೆಯ ಮೇಲೆ
ಹಾಗಿದ್ದೆನೋ ಏನೋ.

ಈಗ ಒಂದು ಬೆಂಚು ಓಟ, ಒಂದು ಬೆಂಚು ನಡಿಗೆ.
ಗಡಿಯಾರ ಡ್ರಾಯರಿನಲ್ಲಿದೆ, ಬ್ಯಾಟರಿ ಸತ್ತು.
ಜೊಂಡಿನ ಆ ತಿರುವಿನಲ್ಲಿ ಮಾತ್ರ
ಮರ್ಯಾದೆಯಿಂದ ರಸ್ತೆಯಾಚೆ ಹೋಗುತ್ತೇನೆ.

ಗ್ಲೆನಿಸ್‌ಗೆ ಎಲ್ಲ ಹೇಳಿದೆ, ಹಂಸದ ರೆಕ್ಕೆ ಸಮೇತ.
ಅವಳು ಒಂದೇ ಮಾತು ಕೇಳಿದಳು:
"ಮೊದಲು ಇಳಿದದ್ದು ಯಾವ ಕಾಲು?"
ಎಡಗಾಲು, ಅಂದೆ.
"ಸರಿ, ಚಾಪೆ ಹಾಸು."