ಕಣ್ಕಟ್ಟು

ಮಾರುವ ಮನೆಯೊಳಗೆ ಯಾರೂ ಬದುಕಬಾರದು,
ಬದುಕಿದ ಹಾಗೆ ಕಾಣಬೇಕು.
ನನ್ನ ಕಸುಬು ಅಷ್ಟೆ.

ಡನೀಡಿನ್ ಊರಿನ ಏರುಬೀದಿಗಳಲ್ಲಿ
ತವೀತನ ಲಾರಿ ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತದೆ.
ಹಿಂದೆ, ಕಂಬಳಿ ಹೊದ್ದ ಬೂದು ಸೋಫಾ,
ಎರಡು ದೀಪ, ಒಂದು ಬುಟ್ಟಿ ನಿಂಬೆಹಣ್ಣು.
ಮೇಣದವು. ಮೂರು ವರ್ಷದಿಂದ ಬಾಡಿಲ್ಲ, ಕೊಳೆತಿಲ್ಲ,
ನನಗಿಂತ ಹೆಚ್ಚು ಮನೆಗಳಲ್ಲಿ ಸಂಸಾರ ಹೂಡಿವೆ.

ಮಂಚವೆಂದರೆ ರಟ್ಟಿನ ಪೆಟ್ಟಿಗೆ,
ಮೇಲೆ ಗಾಳಿ ತುಂಬಿದ ಹಾಸಿಗೆ, ಅದರ ಮೇಲೆ ಏಳು ದಿಂಬು.
ಏಳು ದಿಂಬಿಟ್ಟು ಮಲಗುವವರನ್ನು ನಾನು ಕಂಡಿಲ್ಲ,
ಕೊಳ್ಳಲು ಬರುವವರೂ ಕಂಡಿಲ್ಲ,
ಆದರೂ ನಂಬುತ್ತಾರೆ.
ಪಕ್ಕದಲ್ಲಿ ಒಂದು ಕನ್ನಡಕ ಮಡಚಿಡುತ್ತೇನೆ,
ಯಾರೋ ಈಗಷ್ಟೇ ಓದು ಮುಗಿಸಿ
ನೀರು ಕುಡಿಯಲು ಎದ್ದು ಹೋದ ಹಾಗೆ.
ತವೀತ ಒಮ್ಮೆ ಮರೆತು ಕೂತುಬಿಟ್ಟ.
ಮನೆಯೇ ಕುಸಿದಂಥ ಸದ್ದು.

ಈ ಸೋಮವಾರ ಚೀಟಿಯಲ್ಲಿದ್ದ ವಿಳಾಸ ಓದಿ
ನನ್ನ ಮುಖ ನೋಡಿದ:
ನೈರಿ, ಇದು ನಿನ್ನ ಮನೆಯಲ್ಲವೇ?
ನನ್ನದಲ್ಲ. ಹನ್ನೊಂದು ವರ್ಷ ಇದ್ದೆ.
ಗುರುವಾರ ಗುರುವಾರ ಬಾಡಿಗೆ ಕಟ್ಟಿದೆ.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ ಬಲ್ಲವರು,
ಬಾಡಿಗೆ ಕಟ್ಟಿ ನೋಡು ಎಂದು ಯಾರೂ ಅಂದಿಲ್ಲ.
ಕಂತು ಕಟ್ಟಿದವರಿಗೆ ಕೊನೆಗೊಂದು ಗೋಡೆ,
ನಮಗೆ ಗಂಟು ಕಟ್ಟುವ ಹಗ್ಗ.
ಕರೆಂಟು ಬಿಲ್ಲಿನ ಹಿಂಬದಿ ಲೆಕ್ಕ ಹಾಕಿದ್ದೆ ಒಮ್ಮೆ:
ಕೊಟ್ಟ ದುಡ್ಡಿಗೆ ಅಡುಗೆಮನೆ ನನ್ನದಾಗಬೇಕಿತ್ತು,
ನಡುಮನೆ ಪೂರ್ತಿ, ಮೆಟ್ಟಿಲಲ್ಲಿ ನಾಲ್ಕು.
ಮಿಕ್ಕ ಮೆಟ್ಟಿಲು ಹತ್ತಲು
ಗಿಲೆಸ್ಪಿಯ ಅಪ್ಪಣೆ ಬೇಕಿತ್ತು.

ಸುಳ್ಳೇಕೆ, ಸುಖವೂ ಇತ್ತು.
ಗೀಸರು ಕೆಟ್ಟರೆ ಫೋನು ಮಾಡಿ ಸುಮ್ಮನಿರಬಹುದಿತ್ತು.
ಸುಮ್ಮನೆ ಇದ್ದೆವು, ಎರಡು ವಾರ, ತಣ್ಣೀರಲ್ಲಿ.

ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ,
ದಕ್ಷಿಣದ ಕೋಣೆಗೆ ಅವನ ಗುರುತಿಲ್ಲ.
ಜೂನ್ ಬಂತೆಂದರೆ ಆ ಗೋಡೆ ಬೆವರುತ್ತಿತ್ತು.
ಬೆಳಗಾಗೆದ್ದು ಕಿಟಕಿ ಗಾಜು ಒರೆಸಿ
ಟವೆಲು ಹಿಂಡುತ್ತಿದ್ದೆ, ಹಸು ಕರೆದ ಹಾಗೆ, ಅರ್ಧ ಬಕೆಟ್ಟು.
ಮಂಚದ ಹಿಂದೆ ಕಪ್ಪು ಬೂಷ್ಟು
ಹರಡುತ್ತಿತ್ತು ಒಂದೊಂದೇ ಬೆರಳು.
ಅನಹೇರಾ ಅದಕ್ಕೆ ನಕ್ಷೆ ಎಂದು ಹೆಸರಿಟ್ಟಿದ್ದಳು.
ಕೆಮ್ಮುತ್ತಲೇ ದೇಶಗಳನ್ನು ತೋರಿಸುತ್ತಿದ್ದಳು.

ಈಗ ಬಿಳಿ ಬಣ್ಣ, ಮೂರು ದಿನದ್ದು.
ಅದರಡಿಯಿಂದ ಆಗಲೇ ಇಣುಕುತ್ತಿದೆ,
ಹಳೇ ಪರಿಚಯದವರು ಬಾಗಿಲಲ್ಲಿ ನಿಂತ ಹಾಗೆ.
ಏಜೆಂಟ್ ಬ್ರೆಂಡನ್ ಫೋನಿನಲ್ಲಿ ಹೇಳಿದ:
ಆ ಗೋಡೆಗೆ ದೊಡ್ಡದೇನಾದರೂ ತೂಗುಹಾಕು,
ಸಮುದ್ರದ ಚಿತ್ರ ಇದೆಯಲ್ಲ, ಅದು.
ತೂಗುಹಾಕಿದೆ. ಮಟ್ಟಗೋಲು ಹಿಡಿದು ಸರಿನೋಡಿದೆ.
ಒಂದು ದೇಶವೂ ಹೊರಗೆ ಉಳಿಯಲಿಲ್ಲ.

ಭಾನುವಾರ ಹೂ ಬದಲಿಸಲು ಹೋದವಳು ಹೊರಡಲಿಲ್ಲ.
ಜನ ಬಂದರು, ಬಾಗಿಲಲ್ಲಿ ಶೂ ಕಳಚಿ,
ಗುಡಿಗೆ ಬಂದವರಂತೆ ದನಿ ತಗ್ಗಿಸಿ.
ಕೊರಳಲ್ಲಿ ಇನ್ನೂ ಆಸ್ಪತ್ರೆಯ ಗುರುತುಚೀಟಿ, ರಾತ್ರಿಪಾಳಿಯ ಕಣ್ಣು,
ಒಬ್ಬ ಹುಡುಗಿ ನಿಂಬೆಹಣ್ಣು ಎತ್ತಿ ಮೂಸಿದಳು.
ನನ್ನತ್ತ ತಿರುಗಿ ನಕ್ಕಳು.
ಇಲ್ಲಿದ್ದವರು ಯಾಕೆ ಬಿಟ್ಟರಂತೆ?
ಅವಳ ಗಂಡ ಅಳತೆಪಟ್ಟಿ ಎಳೆದು
ಕೋಣೆಯಿಂದ ಕೋಣೆಗೆ ತೊಟ್ಟಿಲ ಜಾಗ ಹುಡುಕುತ್ತಿದ್ದ.

ಬಾಯಿ ಬಿಡಲಿಲ್ಲ ನಾನು. ಬಾಯಿ ಬಿಡುವ ಹಾಗಿಲ್ಲ.
ದಕ್ಷಿಣದ ಕೋಣೆಗೆ ಹೋಗಿ
ಧೂಳು ಒರೆಸುವವಳಂತೆ
ಸಮುದ್ರವನ್ನು ಒಂದು ಗೇಣು ಎಡಕ್ಕೆ ಸರಿಸಿದೆ.

ಅವನು ಒಳಬಂದ. ಮೂಲೆಯಿಂದ ಅಳೆಯುತ್ತ ಬಂದವನು
ಅಲ್ಲಿಗೆ ಬಂದು ನಿಂತ. ಗೋಡೆಗೆ ಅಂಗೈ ಒತ್ತಿದ.
ಪಟ್ಟಿ ಸುರ್ರನೆ ಒಳಗೆ ಸೇರಿತು.

ಬಾಗಿಲಲ್ಲಿ ಬ್ರೆಂಡನ್ ನನ್ನನ್ನೇ ನೋಡುತ್ತಿದ್ದ.
ನಾಳೆ ಕೆಲಸ ಇರುತ್ತದೋ ಇಲ್ಲವೋ.
ಗುರುವಾರವಂತೂ ಇರುತ್ತದೆ.