ಫ್ಯಾಟು ಐದು ಪಾಯಿಂಟ್ ಒಂದು

ಕೇರಿ ಎಂಬುದು ಇಲ್ಲಿ ಊರಿನ ಹೆಸರು.
ಚೋರ್ಲಾ ಘಾಟಿನ ಬುಡ, ಗೋವೆಯ ಮೊದಲ ಚಹಾದಂಗಡಿ,
ಅದರ ಪಕ್ಕ ನಮ್ಮ ಹಾಲಿನ ಡೈರಿ.
ಬೈಲಹೊಂಗಲದಿಂದ ಬಂದವನು ನಾನು. ಹನ್ನೊಂದು ವರ್ಷದಿಂದ
ಕ್ಯಾನಿಗೆ ಸೌಟು ಅದ್ದುತ್ತೇನೆ, ಯಂತ್ರಕ್ಕೆ ಕುಡಿಸುತ್ತೇನೆ,
ಫ್ಯಾಟು ಎಷ್ಟು, ಡಿಗ್ರಿ ಎಷ್ಟು, ಚೀಟಿ ಹರಿದು ಕೊಡುತ್ತೇನೆ.

ಏಪ್ರಿಲ್. ಗುಡ್ಡದ ಹುಲ್ಲಿಗೆ ಕಸಬರಿಗೆಯ ಬಣ್ಣ.
ಘಾಟಿನ ಆಚೆ ಲಾರಿಗಳ ಮುಷ್ಕರ.
ನಮ್ಮ ಕಡೆಯ ಜೋಳದ ಕಣಿಕೆ, ಹತ್ತಿಕಾಳಿನ ಹಿಂಡಿ
ಬೆಳಗಾವಿಯ ಗೋದಾಮಿನಲ್ಲೇ ಕೂತಿವೆ.
ಹಿಂಡಿ ಇಟ್ಟವನೇ ಹಿಂಡಬೇಕು, ಅನ್ನುತ್ತಿದ್ದಳು ನಮ್ಮವ್ವ.
ಇಡದೆಯೂ ಹಿಂಡುವ ದಿನ ಬಂದರೆ
ಏನಾಗುತ್ತದೆಂದು ಹೇಳಿರಲಿಲ್ಲ.

ಸುಲಕ್ಷಾ ಗಾವಸಳ ತಾಂಬಡಿ, ಕರು ಹಾಕಿ ಎರಡು ತಿಂಗಳು.
ಮೊದಲ ದಿನ ಆರು ಲೀಟರು, ಎಂದಿನಂತೆ.
ಆಕಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ,
ನಿನ್ನೆಯದು ಇನ್ನೂ ಮೆಲುಕಿಗೆ ಉಳಿದಿರುತ್ತದೆ.
ಎರಡನೆಯ ದಿನ ಐದು. ಮೂರನೆಯ ದಿನ ನಾಲ್ಕಕ್ಕೂ ಕಡಿಮೆ.
ಸುಲಕ್ಷಾ ಬಾಳೆದಿಂಡು ಕೊಚ್ಚಿದಳು, ಹಲಸಿನ ಸೊಪ್ಪು ತರಿದಳು,
ಫೆನ್ನಿಯ ಭಟ್ಟಿಯಿಂದ ಗೇರುಹಣ್ಣಿನ ಸಿಪ್ಪೆ ಹೊತ್ತು ತಂದಳು,
ಹಿಂಡಿಯಲ್ಲ, ಹಿಂಡಿ ಎಸೆದದ್ದು.
ತಾಂಬಡಿ ಮೂಸಿತು, ಸೀನಿತು, ಆಮೇಲೆ ತಿಂದಿತು.
ಮಲಗುವುದೇ ಹೆಚ್ಚಾಗಿದೆಯಂತೆ.
"ನೊಣ ಕೂತರೂ ಬಾಲ ಖರ್ಚು ಮಾಡುವುದಿಲ್ಲ ಅವಳು," ಎಂದಳು ಸುಲಕ್ಷಾ.

ಐದನೆಯ ದಿನ ಮೂರು ಲೀಟರು.
ಡಿಗ್ರಿ ಇಪ್ಪತ್ತಾರಕ್ಕೆ ಇಳಿದಿತ್ತು.
ಸೆಕ್ರೆಟರಿ ಮಾಜಿಕ್ ಕನ್ನಡಕದ ಮೇಲಿಂದ ನೋಡಿದರು.
"ನೀರು."
ಸುಲಕ್ಷಾ ಮಾತಾಡಲಿಲ್ಲ. ಕ್ಯಾನಿನ ಮುಚ್ಚಳವನ್ನು
ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು.

ಯಂತ್ರ ತೊಳೆದು ಇನ್ನೊಮ್ಮೆ ಕುಡಿಸಿದೆ.
ಫ್ಯಾಟು ಐದು ಪಾಯಿಂಟ್ ಒಂದು.
ನೀರು ಬಿದ್ದರೆ ಎರಡೂ ಇಳಿಯಬೇಕಲ್ಲ ಸಾಹೇಬರೇ,
ಇಲ್ಲಿ ಒಂದು ಏರಿದೆ.
ಇದು ಗೋದಲಿಯಿಂದ ಬಂದದ್ದಲ್ಲ,
ಬೆನ್ನಿನದು, ಸೊಂಟದ ಎರಡೆಲುಬಿನ ನಡುವಿನದು.
ಹೋಗಿ ಒಮ್ಮೆ ಕೈಯಾಡಿಸಿ ಬನ್ನಿ,
ಅಲ್ಲಿದ್ದ ಕೊಬ್ಬು ಈಗ ಈ ಕ್ಯಾನಿನಲ್ಲಿದೆ.

ಅವರು ಹೋಗಲಿಲ್ಲ. ಚೀಟಿಗೆ ಸಹಿ ಹಾಕಿದರು.

ನಮ್ಮಲ್ಲಿ ದರ ಫ್ಯಾಟಿನ ಮೇಲೆ.
ಆ ವಾರ ಲೀಟರಿಗೆ ಎಂದಿಗಿಂತ
ನಾಲ್ಕು ರೂಪಾಯಿ ಹೆಚ್ಚು ಬರೆದೆ.
ಬರೆದು, ಪೆನ್ನಿನ ಮುಚ್ಚಳ ಹಾಕಲು
ಸ್ವಲ್ಪ ಹೊತ್ತು ಹಿಡಿಯಿತು.

ಒಂಬತ್ತನೆಯ ರಾತ್ರಿ ಲಾರಿ ಘಾಟು ಇಳಿಯಿತು.
ಮೂಟೆ ಬಿಚ್ಚಿದರೆ ನಮ್ಮೂರಿನ ಕಣದ ವಾಸನೆ.
"ಎಲ್ಲ ಒಂದೇ ಸಲ ಇಡಬೇಡವ್ವಾ," ಅಂದೆ,
"ಹಸಿದ ಹೊಟ್ಟೆ ಹುಳಿಯುತ್ತದೆ.
ಮೊದಲು ಕಣಿಕೆ. ಹಿಂಡಿ ಇವತ್ತೊಂದು ಬೊಗಸೆ, ನಾಳೆ ಎರಡು."
ಬೆಳತನಕ ತಾಂಬಡಿ ಕೂಗಿತಂತೆ.
ಸುಲಕ್ಷಾ ಮೂಟೆಗೆ ಬೆನ್ನು ಕೊಟ್ಟು,
ಕಿವಿಗೆ ಸೆರಗು ಸುತ್ತಿಕೊಂಡು ಕೂತಿದ್ದಳಂತೆ,
ತಾನೇ ಎದ್ದು ಬಿಚ್ಚಿಬಿಟ್ಟೇನೆಂಬ ಹೆದರಿಕೆಗೆ.

ಮೂರು. ಮೂರೂವರೆ. ಮತ್ತೆ ಮೂರೂವರೆ. ನಾಲ್ಕೂಮುಕ್ಕಾಲು.
ಫ್ಯಾಟು ನಾಲ್ಕಕ್ಕೆ ಇಳಿಯಿತು, ದರವೂ.
ಹಾಲು ಐದೂವರೆಗೆ ಬಂದು ನಿಂತಿತು. ಆರಕ್ಕೆ ಏರಲಿಲ್ಲ.
ಆ ಅರ್ಧ ಲೀಟರನ್ನು ಎಲ್ಲಿ ಬರೆಯಲಿ,
ನನ್ನ ರಿಜಿಸ್ಟರಿನಲ್ಲಿ ಬಂದದ್ದಕ್ಕೆ ಮಾತ್ರ ಕಾಲಮ್ಮು.

ಮೊನ್ನೆ, ಜೂನಿನ ಮೊದಲ ವಾರ,
ಬಾಕಿ ಹಣ ಕೊಡಲು ಅವಳ ಮನೆಗೆ ಹೋದವನು
ಕೊಟ್ಟಿಗೆಗೂ ಇಣುಕಿದೆ.
ತಾಂಬಡಿಯ ಬೆನ್ನ ಮೇಲೆ ಕೈಯಿಟ್ಟೆ.
ಎಲುಬು ಇನ್ನೂ ಬೆರಳಿಗೆ ಸಿಗುತ್ತಿತ್ತು,
ಆದರೆ ಹುಡುಕಬೇಕಾಯಿತು.
ಅದು ತಿರುಗಿ ನನ್ನ ಅಂಗಿ ಮೂಸಿತು,
ಏನೂ ಸಿಗದೆ, ಬಾಲವೆತ್ತಿ
ಮುಖಕ್ಕೊಂದು ಬೀಸಿತು.

ಸುಲಕ್ಷಾ ಹೊಸ್ತಿಲಲ್ಲೇ ನಿಂತು ನಕ್ಕಳು.
"ನೋಡು, ಈಗ ಖರ್ಚು ಮಾಡುತ್ತಾಳೆ."