ಉಸಿರಿನ ಜಾಗ

ಕಟ್ಟುವವ ನಾನಲ್ಲ. ಹೊರುವವ.
ಕಿಟಕಿಯಿಲ್ಲದ ಗುಡಿಸಲಲ್ಲಿ ಮೂರು ದಿನ
ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಮಲಗಿ
ಕತ್ತಲಲ್ಲೇ ಕಟ್ಟುತ್ತಾನೆ ಕವಿ ದುವಾಲ್ತಾಖ್;
ನಾಲ್ಕನೆಯ ಬೆಳಗು ಬಾಗಿಲು ಸರಿಸಿ, ಕಣ್ಣು ಕಿರಿದು ಮಾಡಿ
ನನ್ನ ಕಿವಿಗೆ ಸುರಿಯುತ್ತಾನೆ,
ಕರೆದ ಹಾಲನ್ನು ಪಾತ್ರೆ ಬದಲಿಸಿದ ಹಾಗೆ.

ಸಾಲಿಗೆ ಏಳೇ ಅಕ್ಷರ.
ಎಂಟನೆಯದು ಬಂದರೆ ಹಜಾರಕ್ಕೆ ಹಂದಿ ನುಗ್ಗಿದಂತೆ.

ಈ ಸಲದ್ದು ಒಡೆಯನ ಸಾವು.
ಪದ್ಯದಲ್ಲಿ ಕೆಂಗೂದಲ ಟೂಹಾಲ್ ಒಂಬತ್ತು ಜನರ ಕೆಡವಿದ,
ನೆತ್ತರಿಗೆ ಹೇಸಿ ಸಾಲ್ಮನ್ ಮೀನು ಹೊಳೆ ಏರಲಿಲ್ಲ,
ಗುಡ್ಡದ ಹದ್ದು ಅವನ ಹೆಸರು ಹಿಡಿದು ಅತ್ತಿತು.

ನಾನಿದ್ದೆ ಅಲ್ಲಿ.
ಇಂಗ್ಲಿಷರ ಗುಂಡಿಗೂ ಮೊದಲು ಬಂದದ್ದು ಕೆಸರು.
ಕುದುರೆಯ ಮುಂಗಾಲು ಮುರಿದ ಸದ್ದು
ಇನ್ನೂ ನನ್ನ ಹಲ್ಲಿನಲ್ಲಿದೆ.
ಕಬ್ಬಿಣದ ಅಂಗಿ ಕೆಳಗೆಳೆಯುತ್ತಿದ್ದರೆ
ಒಡೆಯ ಕುತ್ತಿಗೆಮಟ್ಟ ನೀರಲ್ಲಿ ಮರದ ಬೇರು ಹಿಡಿದು
ಲಾಯದ ಹುಡುಗನ ಕೂಗಿದ.
ಬಂದ. ಒಂದೇ ಕಾಲಲ್ಲಿ ಜೋಡು.
ಕೈ ಚಾಚಿದ.
ಆಗ ಗುಂಡು: ಮೊದಲು ಹುಡುಗನಿಗೆ,
ಅವನ ಮೈ ತೂರಿ ಒಡೆಯನಿಗೆ.

ಅನ್‌ಲೂಅನ್. ಹದಿನೈದಿರಬಹುದು.
ಸುಳ್ಳ. ಓಟ್ಸ್ ಕಳ್ಳ.
ಕುದುರೆಗಳಿಗೆ ಮಾತ್ರ ಕೇಳುವಂತೆ ಏನೋ ಗುನುಗುತ್ತಿದ್ದ.

"ಅವನನ್ನೂ ಸೇರಿಸು" ಎಂದೆ.
ದುವಾಲ್ತಾಖ್ ಬೆರಳು ಮಡಚಿ ಎಣಿಸಿದ.
"ಕೂರುವುದಿಲ್ಲ."
ಅವನಿಗೆ ಇಪ್ಪತ್ತು ಹಸು, ನನಗೊಂದು ಉಣ್ಣೆಯ ಹೊದಿಕೆ.
ಉಪ್ಪಿನ ಋಣ. ಸುಮ್ಮನಾದೆ.

ಸಂಜೆ, ಹೊಗೆ ತುಂಬಿದ ಹಜಾರ.
ಹಾರ್ಪಿನವ ತಂತಿ ಬಿಗಿದ.
ಒಡತಿ ಫಿನ್ವಾಲಾ ಅಳದೆ, ನೆಟ್ಟಗೆ.
ಬಾಗಿಲ ಬಳಿ, ಎಲುಬಿಗೆ ಕಾದ ನಾಯಿಗಳ ನಡುವೆ
ಹುಡುಗನ ಅವ್ವ, ಉರುವಲಿನ ಬುಟ್ಟಿ ಇಳಿಸಿಯೂ
ಬೆನ್ನು ಇನ್ನೂ ಬಾಗಿಸಿಯೇ ನಿಂತವಳು.

ಹದಿನೇಳನೆಯ ಪದ್ಯ, ಒಡೆಯ ಹೊಳೆಗಿಳಿಯುವಲ್ಲಿ,
ನಿಂತುಬಿಟ್ಟೆ.
ಮರೆತನೆಂದು ಹಾರ್ಪಿನವ ತಿರುಗಿ ನೋಡಿದ.
ತುಟಿ ಮುಚ್ಚಿ, ಒಳಗೇ, ಆ ಹೆಸರು.
ಒಂದು ಕೊಳ್ಳಿ ಸಿಡಿಯಿತು. ಮುಂದಿನ ಸಾಲು ಹೇಳಿದೆ.

ಅವಳಿಗೆ ತಿಳಿಯಿತೆ? ಗೊತ್ತಿಲ್ಲ.
ಮುಗಿಯುವ ಮೊದಲೇ ಬುಟ್ಟಿ ಎತ್ತಿಕೊಂಡು ಹೋದಳು,
ಹಟ್ಟಿಯಲ್ಲಿ ಕೆಲಸವಿತ್ತು.

ರಾತ್ರಿ ಮದ್ಯದ ಬಟ್ಟಲು ದಾಟಿಸುತ್ತ ದುವಾಲ್ತಾಖ್
"ಹದಿನೇಳರಲ್ಲಿ ಮೂರು ಹೆಚ್ಚಾಯಿತು" ಎಂದ.
ಬೈಯಲಿಲ್ಲ. ಸರಿ ಮಾಡು ಎನ್ನಲೂ ಇಲ್ಲ.

ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ ಆಮೇಲೆ.
ಈಗ ನನ್ನಿಂದ ಕಲಿಯುತ್ತಿರುವ ಹುಡುಗನೂ
ಅಲ್ಲಿಗೆ ಬಂದರೆ ನಿಲ್ಲುತ್ತಾನೆ,
ಯಾಕೆಂದು ಕೇಳದೆ,
ಅದೂ ಪಾಠವೆಂದುಕೊಂಡು.